ಹೇಳದೇ ಕೇಳದೇ ಹೋಗುವ ಡಿಸ್ಕು

ಈ ಕಡೆ ಬರೆದು ಬಹಳ ದಿನ ಆಯ್ತು. ಬರೀಬಾರದು ಅಂತೇನಲ್ಲ, ಕಚೇರಿ ಕೆಲಸ, ಮನೆ ಕೆಲಸ, ಎರಡರ ಮಧ್ಯೆ ಒಂದಿಷ್ಟು ಸೋಮಾರಿತನ :-)

ಈಗ ಬರೆಯೋದಕ್ಕೆ ಒಂದು ಕಾರಣ ಇದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತಲ್ಲ, ಆಗಿನಿಂದ ಹುಬ್ಬಳ್ಳಿ-ಧಾರವಾಡದ ನೆಂಟರು, ಗೆಳೆಯರು, ಗೆಳೆಯರ ನೆಂಟರು ಎಲ್ಲರೂ ಫೋನ್ ಮಾಡ್ತಾರೆ. "ನಮ್ಮ ಹಳೇ ಲ್ಯಾಪ್‌ಟಾಪಿಗೆ ವಿಂಡೋಸ್ ಹನ್ನೊಂದು ಹತ್ತೂದಿಲ್ಲಂತ. ನೀ ಲಿನಕ್ಸ್ ಹಾಕಿ ಕೊಡ್ತಿಯಂತಲ್ಲೋ?" ಹಾಕಿ ಕೊಡ್ತೀನಿ, ಸಂತೋಷದಿಂದಲೇ. ಚೆನ್ನಾಗಿರೋ ಯಂತ್ರವನ್ನ ಗುಜರಿಗೆ ಹಾಕೋದಕ್ಕಿಂತ ಅದು ಒಳ್ಳೇದು.

ಆದರೆ ಹಾಕಿಕೊಟ್ಟ ಎರಡನೇ ವಾರ ಬರೋ ಫೋನು ಹೆಚ್ಚುಕಡಿಮೆ ಒಂದೇ ಥರ. "ಪೆನ್‌ಡ್ರೈವ್ ತಾನ ಬಿಟ್ಟು ಹೋಗತೈತಿ." "ಹಾರ್ಡ್ ಡಿಸ್ಕ್ ಹಚ್ಚೀನಿ, ಒಳಗ ಏನೂ ಕಾಣವಲ್ದು." ನಮ್ಮ ಕಂಪ್ಯೂಟರ್ ಭಾಷೆಯಲ್ಲಿ ಹೇಳೋದಾದ್ರೆ, ಡಿಸ್ಕು ತಾನಾಗಿಯೇ ಅನ್‌ಮೌಂಟ್ ಆಗ್ತಿದೆ.

ಇದರ ಬಗ್ಗೆ ನನಗೊಂದು ಗಟ್ಟಿ ಅಭಿಪ್ರಾಯ ಇದೆ. ಅದು ಬಂದದ್ದು ಪುಸ್ತಕದಿಂದಲ್ಲ, ನಮ್ಮ ಕಾಕಾನ ಮನೆಯಿಂದ. ಮೊದಲು ಆ ಕಥೆ ಹೇಳಿಬಿಡ್ತೀನಿ.

ಕಾಕಾನ ಕ್ಯಾಸೆಟ್ಟುಗಳು

ನಮ್ಮ ಕಾಕಾ ಧಾರವಾಡದಲ್ಲಿ ಹೈಸ್ಕೂಲಿನ ಕನ್ನಡ ಮಾಸ್ತರಾಗಿದ್ದು ನಿವೃತ್ತರಾದವರು. ಅವರ ಅವ್ವ, ಅಂದ್ರೆ ನಮ್ಮ ಆಯಿ, ಬೀಸುವ ಪದ, ಸೋಬಾನ ಪದ, ಜೋಗುಳ ಎಲ್ಲ ಹಾಡ್ತಿದ್ದಳು. ಬರೆದುಕೊಂಡದ್ದಲ್ಲ, ಬಾಯಲ್ಲೇ ಇದ್ದದ್ದು. ಕಾಕಾ ಎಂಬತ್ತು-ತೊಂಬತ್ತರ ದಶಕದಲ್ಲಿ ಅವನ್ನ ಕ್ಯಾಸೆಟ್ಟಿಗೆ ಹಿಡಿದಿಟ್ಟಿದ್ದರು. ಒಟ್ಟು 14 ಕ್ಯಾಸೆಟ್ಟು. ಆಯಿ ಈಗಿಲ್ಲ. ಆಕೆಯ ದನಿ ಅಂತ ಮನೆಯಲ್ಲಿ ಉಳಿದದ್ದು ಅಷ್ಟೇ.

2020ರ ಲಾಕ್‌ಡೌನಿನಲ್ಲಿ ನಾನು ಬೆಂಗಳೂರಿನಿಂದ ಧಾರವಾಡಕ್ಕೆ ಬಂದು ಮನೆಯಿಂದಲೇ ಕೆಲಸ ಮಾಡ್ತಿದ್ದೆ. ಆಗಷ್ಟೇ ಕೆಲಸಕ್ಕೆ ಸೇರಿದ ಹುರುಪು. ಕಾಕಾನ ಲ್ಯಾಪ್‌ಟಾಪು ತೆವಳ್ತಾ ಇತ್ತು. ಆ ಏಪ್ರಿಲ್‌ನಲ್ಲಿ ಬಂದ ಉಬುಂಟು 20.04 ಹಾಕಿಕೊಟ್ಟೆ. ಜೊತೆಗೆ ಒಂದು ಹಳೇ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಹಚ್ಚಿ, "ಬ್ಯಾಕಪ್" ಅಂತ ಒಂದು ಫೋಲ್ಡರ್ ಮಾಡಿ, ಡಿಸ್ಕು ಯಾವಾಗಲೂ ಅದೇ ಫೋಲ್ಡರಿನಲ್ಲಿ ಕಾಣುವ ಹಾಗೆ ಎಫ್‌ಎಸ್‌ಟ್ಯಾಬ್ ಅನ್ನೋ ಕಡತದಲ್ಲಿ ಒಂದು ಸಾಲು ಬರೆದೆ. "ಕಾಕಾ, ಏನ ಇಟ್ರೂ ಇದರಾಗ ಇಡ್ರಿ. ಮತ್ತೇನೂ ಯೋಚನೆ ಮಾಡಬ್ಯಾಡ್ರಿ" ಅಂದೆ. ಅವರು ಯೋಚನೆ ಮಾಡಲಿಲ್ಲ. ನಾನೂ ಮಾಡಲಿಲ್ಲ!

2022ರ ಮಳೆಗಾಲದಲ್ಲಿ ಆ ಹಳೇ ಡಿಸ್ಕು ಟಕ್ ಟಕ್ ಅಂತ ಸದ್ದು ಮಾಡೋಕೆ ಶುರು ಮಾಡ್ತು. ಹೊಸದು ತಂದರು. ನಾನು ಆಗ ಬೆಂಗಳೂರಿನಲ್ಲಿದ್ದೆ. ರಾತ್ರಿ ಊಟ ಆದಮೇಲೆ ದೂರದಿಂದಲೇ ಅವರ ಸ್ಕ್ರೀನು ತೆಗೆದುಕೊಂಡು, ಹೊಸ ಡಿಸ್ಕನ್ನ ಸಿದ್ಧ ಮಾಡಿ, ಆ ಸಾಲಿನಲ್ಲಿ ಹಳೇ ಡಿಸ್ಕಿನ ಯುಯುಐಡಿ ತೆಗೆದು ಹೊಸದರ ಯುಯುಐಡಿ ಹಾಕಿದೆ. (ಯುಯುಐಡಿ ಅಂದ್ರೆ ಡಿಸ್ಕಿನ ಆಧಾರ್ ನಂಬರ್ ಅಂದ್ಕೊಳ್ಳಿ.) ಮೌಂಟ್ ಆಜ್ಞೆ ಕೊಟ್ಟೆ. ಏನೂ ದೋಷ ತೋರಿಸಲಿಲ್ಲ. ಲಿನಕ್ಸಿನಲ್ಲಿ ಏನೂ ಹೇಳಲಿಲ್ಲ ಅಂದ್ರೆ ಎಲ್ಲ ಸರಿ ಅಂತ ಅರ್ಥ. ಮೌನಂ ಸಮ್ಮತಿ ಲಕ್ಷಣಂ. "ಆತ್ರಿ ಕಾಕಾ" ಅಂದು ಮಲಗಿಬಿಟ್ಟೆ.

ಮರುದಿನದಿಂದ ಕಾಕಾ ಕ್ಯಾಸೆಟ್ಟುಗಳನ್ನ ಕಂಪ್ಯೂಟರಿಗೆ ಇಳಿಸೋಕೆ ಕೂತರು. ಒಂದೊಂದು ಬದಿ ಅರ್ಧ ಗಂಟೆ, ಒಂದೊಂದು ಕಡತ ಸುಮಾರು 300 ಎಂಬಿ. 28 ಬದಿ, ಹತ್ತಿರ ಹತ್ತಿರ 9 ಜಿಬಿ. ಒಂದೊಂದು ಮುಗಿದ ಹಾಗೆ ಕಟ್ ಮಾಡಿ "ಬ್ಯಾಕಪ್" ಫೋಲ್ಡರಿಗೆ ಪೇಸ್ಟ್. ಹಳೇ ಟೇಪು ಬೇರೆ. ಎರಡು ಕ್ಯಾಸೆಟ್ಟುಗಳ ಟೇಪು ಪ್ಲೇಯರಿನಲ್ಲಿ ಸಿಕ್ಕಿಕೊಂಡು ಹರಿದೇ ಹೋಯ್ತಂತೆ. "ಇರ್ಲಿ ಬಿಡು, ಕಂಪ್ಯೂಟರಿನಾಗ ಬಂದಾವಲ್ಲ" ಅಂತ ಸಮಾಧಾನ ಮಾಡಿಕೊಂಡಿದ್ದರು.

ಮಧ್ಯೆ ಒಮ್ಮೆ ಫೋನಿನಲ್ಲಿ ಹೇಳಿದರು: "ತಮ್ಮಾ, ಹೊಸಾ ಡಿಸ್ಕ್ ಭಾರೀ ಜೋರೈತಿ ನೋಡ. ಪೇಸ್ಟ್ ಒತ್ತೂದ ತಡಾ, ಕಣ್ಣ ಮುಚ್ಚಿ ತೆಗ್ಯೂದರಾಗ ಹೋಗಿಬಿಡ್ತೈತಿ."

ನಾನು ನಕ್ಕು "ಹೌದ್ರಿ ಕಾಕಾ, ಹೊಸಾದಲ್ರೀ" ಅಂದೆ. ಇಂಜಿನಿಯರಿಂಗ್ ಡಿಗ್ರಿ ಇಟ್ಟುಕೊಂಡು! 300 ಎಂಬಿ ಕಡತ ಒಂದು ಡಿಸ್ಕಿನಿಂದ ಇನ್ನೊಂದು ಡಿಸ್ಕಿಗೆ ಕ್ಷಣದಲ್ಲಿ ಹೋಗಲ್ಲ. ಒಂದೇ ಡಿಸ್ಕಿನ ಒಳಗೆ ಜಾಗ ಬದಲಿಸಿದ್ರೆ ಮಾತ್ರ ಹಾಗೆ ಹೋಗ್ತದೆ, ಯಾಕಂದ್ರೆ ಆಗ ಕಡತ ಅಲುಗೋದೇ ಇಲ್ಲ, ವಿಳಾಸ ಮಾತ್ರ ಬದಲಾಗ್ತದೆ. ಅದು ನನ್ನ ತಲೆಗೆ ಹೊಳೀಲೇ ಇಲ್ಲ.

ಹದಿನೆಂಟನೇ ದಿನ ರಾತ್ರಿ ಜೋರು ಮಳೆ. ಕರೆಂಟ್ ಹೋಯ್ತು. ಲ್ಯಾಪ್‌ಟಾಪಿನ ಬ್ಯಾಟರಿಯೋ ನಾಮಕಾವಾಸ್ತೆ. ಯಂತ್ರ ಆಫ್ ಆಯ್ತು. ಬೆಳಿಗ್ಗೆ ಕಾಕಾ ಹಚ್ಚಿ ನೋಡ್ತಾರೆ, ಬ್ಯಾಕಪ್ ಫೋಲ್ಡರು ಖಾಲಿ. ಒಂದೂ ಕಡತ ಇಲ್ಲ.

"ನಿನ್ನ ಲಿನಕ್ಸ್ ನಮ್ಮವ್ವನ ಪದಾ ಎಲ್ಲಾ ನುಂಗಿಬಿಡ್ತಲ್ಲೋ ತಮ್ಮಾ" ಅಂದರು ಫೋನಿನಲ್ಲಿ. ಬೈಯಲಿಲ್ಲ. ಬೈದಿದ್ರೆ ವಾಸಿ ಇತ್ತು. ದನಿ ನಡುಗ್ತಿತ್ತು.

ಅಷ್ಟರಲ್ಲಿ ಪಕ್ಕದ ಮನೆಯವರು "ಫಾರ್ಮ್ಯಾಟ್ ಹೊಡೆದು ಮತ್ತ ವಿಂಡೋಸ್ ಹಾಕಿಸಿಬಿಡ್ರಿ ಸರ್, ಎಲ್ಲಾ ಸರಿ ಆಗತೈತಿ" ಅಂತ ಸಲಹೆ ಕೊಟ್ಟಾಗಿತ್ತು. ಕಾಕಾ ಲ್ಯಾಪ್‌ಟಾಪನ್ನ ಚೀಲಕ್ಕೆ ಹಾಕಿಯೂ ಆಗಿತ್ತು. ನಮ್ಮ ಚಿಗವ್ವ ತಡೆದಳು. "ಹುಡುಗ ಬರೂತನಾ ಯಾರೂ ಅದನ್ನ ಮುಟ್ಟಬ್ಯಾಡ್ರಿ." ಚಿಗವ್ವಗೆ ಕಂಪ್ಯೂಟರ್ ಬರಲ್ಲ. ಆದರೆ ಅವತ್ತು ಅತ್ಯಂತ ಸರಿಯಾದ ತಾಂತ್ರಿಕ ಸಲಹೆ ಕೊಟ್ಟವಳು ಆಕೆಯೇ. ಅವತ್ತು ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸು ಹತ್ತಿದೆ.

ಜಮಖಾನದ ಕೆಳಗೆ

ಬೆಳಿಗ್ಗೆ ಚಹಾ ಕುಡೀತಾ ನೋಡಿದೆ. ಡಿಸ್ಕು ಸರಿಯಾಗಿಯೇ ಮೌಂಟ್ ಆಗಿದೆ. ನೀಲಿ ದೀಪ ಉರೀತಿದೆ. ಖಾಲಿ. ಆದರೆ ಲ್ಯಾಪ್‌ಟಾಪಿನ ಒಳಗಿನ ಡಿಸ್ಕು ನೋಡಿದ್ರೆ, ಇರಬೇಕಾದ್ದಕ್ಕಿಂತ ಸುಮಾರು 9 ಜಿಬಿ ಹೆಚ್ಚು ತುಂಬಿದೆ. ಆಗ ತಲೆಯಲ್ಲಿ ದೀಪ ಹತ್ತಿತು. ಬ್ಯಾಕಪ್ ಡಿಸ್ಕನ್ನ ಅನ್‌ಮೌಂಟ್ ಮಾಡಿದೆ. ಅದೇ ಫೋಲ್ಡರು ಮತ್ತೆ ತೆರೆದೆ. 28 ಕಡತ, ಸಾಲಾಗಿ ಕೂತಿದ್ದವು.

ಒಂದನ್ನ ಒತ್ತಿದೆ. ಆಯಿ ಹಾಡೋಕೆ ಶುರು ಮಾಡಿದಳು. ಕಾಕಾ ಎದ್ದು ಹಿತ್ತಲಕ್ಕೆ ಹೋದರು. ಸ್ವಲ್ಪ ಹೊತ್ತು ಬರಲಿಲ್ಲ.

ಆಗಿದ್ದೇನು ಅಂದ್ರೆ, ಮೌಂಟ್ ಮಾಡೋದು ನೆಲದ ಮೇಲೆ ಜಮಖಾನ ಹಾಸಿದ ಹಾಗೆ. ಹಾಸಿದ ಮೇಲೆ ಕಾಣೋದು ಜಮಖಾನ, ನೆಲ ಅಲ್ಲ. ನೆಲದ ಮೇಲೆ ಮೊದಲೇ ಏನಾದ್ರೂ ಇದ್ದರೆ ಅದು ಹೋಗಲ್ಲ, ಕೆಳಗೆ ಮುಚ್ಚಿಕೊಳ್ತದೆ. ಫೋಲ್ಡರು ನೆಲ, ಡಿಸ್ಕು ಜಮಖಾನ. ನಾನು ಅವತ್ತು ರಾತ್ರಿ ಬೆಂಗಳೂರಿನಿಂದ ಹಾಸಿದ ಜಮಖಾನವನ್ನ ಯಾರೋ ಆ ಕ್ಷಣವೇ ಎಳೆದುಬಿಟ್ಟಿದ್ದರು. ಕಾಕಾ ಹದಿನೆಂಟು ದಿನ ಬರೀ ನೆಲದ ಮೇಲೆ, ಅಂದ್ರೆ ಲ್ಯಾಪ್‌ಟಾಪಿನ ಒಳಗಿನ ಡಿಸ್ಕಿನಲ್ಲೇ, ಕಡತ ಇಡ್ತಾ ಹೋದರು. ಆ ಫೋಲ್ಡರನ್ನ ಅವರ ಹೆಸರಿಗೆ ಬರೆದವನೂ ನಾನೇ. ಹಾಗಾಗಿ "ಇಲ್ಲಿ ಬರೆಯೋಕೆ ಅನುಮತಿ ಇಲ್ಲ" ಅನ್ನೋ ಮಾತೂ ಬರಲಿಲ್ಲ. ಯಂತ್ರ ಹೊಸದಾಗಿ ಶುರುವಾದಾಗ ಜಮಖಾನ ಸರಿಯಾಗಿ ಹಾಸಿಕೊಂಡಿತು, ಕಡತಗಳು ಕೆಳಗೆ ಮುಚ್ಚಿಕೊಂಡವು. ಎಲ್ಲ ಸರಿಯಾದ ದಿನವೇ ಎಲ್ಲ ಕಳೆದುಹೋದ ಹಾಗೆ ಕಂಡದ್ದು!

ಎಳೆದವರು ಯಾರು? ಸಿಸ್ಟಮ್‌ಡಿ. ಈಗಿನ ಬಹುತೇಕ ಲಿನಕ್ಸ್‌ಗಳಲ್ಲಿ ಯಂತ್ರ ಶುರುವಾದಾಗಿನಿಂದ ಎಲ್ಲ ಸೇವೆಗಳನ್ನೂ ನೋಡಿಕೊಳ್ಳೋ ಮೇಸ್ತ್ರಿ ಅದು. ಯಂತ್ರ ಶುರುವಾಗುವಾಗ ಎಫ್‌ಎಸ್‌ಟ್ಯಾಬ್ ಓದಿ, "ಬ್ಯಾಕಪ್ ಫೋಲ್ಡರಿನಲ್ಲಿ ಇರಬೇಕಾದ್ದು ಈ ಯುಯುಐಡಿಯ ಡಿಸ್ಕು" ಅಂತ ತನ್ನ ನೆನಪಿನಲ್ಲಿ ಬರೆದುಕೊಳ್ತದೆ. ನಾನು ಕಡತ ತಿದ್ದಿದೆ, ಅದಕ್ಕೆ ಹೇಳಲಿಲ್ಲ. ಹೇಳೋಕೆ "ಡೀಮನ್-ರೀಲೋಡ್" ಅಂತ ಒಂದು ಆಜ್ಞೆ ಇದೆ, ಮರೆತೆ. ಹೊಸ ಡಿಸ್ಕು ಮೌಂಟ್ ಆಯ್ತು. ಮೇಸ್ತ್ರಿ ನೋಡಿತು. ತನ್ನ ಲೆಕ್ಕದಲ್ಲಿ ಇಲ್ಲಿರಬೇಕಾದ್ದು ಹಳೇ ಡಿಸ್ಕು, ಅದಂತೂ ಯಂತ್ರದಲ್ಲೇ ಇಲ್ಲ. ಹಾಗಾದ್ರೆ ಈ ಮೌಂಟೂ ಇರಬಾರದು. ತೆಗೆದುಹಾಕು!

ಹಳೇ ಲಾಗಿನಲ್ಲಿ ಹದಿನೆಂಟು ದಿನ ಹಿಂದೆ ಹೋಗಿ ನೋಡಿದ್ರೆ ಅದು ಬರೆದಿಟ್ಟಿತ್ತು ಕೂಡ. ಕನ್ನಡದಲ್ಲಿ ಹೇಳೋದಾದ್ರೆ: "ಈ ಯೂನಿಟ್ಟು ಚಾಲ್ತಿಯಲ್ಲಿಲ್ಲದ ಇಂಥ ಡಿವೈಸಿಗೆ ಕಟ್ಟಿಕೊಂಡಿದೆ, ಇದನ್ನೂ ನಿಲ್ಲಿಸುತ್ತಿದ್ದೇನೆ." ನಾನು ಮೌಂಟ್ ಆಜ್ಞೆ ಕೊಟ್ಟ ಅದೇ ಸೆಕೆಂಡಿನಲ್ಲಿ ಬರೆದದ್ದು. ನನಗೆ ಹೇಳಲಿಲ್ಲ, ಡೈರಿಯಲ್ಲಿ ಬರೆದಿಟ್ಟುಕೊಂಡಿತು ಅಷ್ಟೇ.

ನಾನೊಬ್ಬನೇ ಈ ಗುಂಡಿಗೆ ಬಿದ್ದದ್ದಲ್ಲ. ಸಿಸ್ಟಮ್‌ಡಿಯ ದೋಷಪಟ್ಟಿಯಲ್ಲಿ 2015ರಲ್ಲೇ ಇದರ ಬಗ್ಗೆ ದೂರು ದಾಖಲಾಗಿತ್ತು. ಈಚಿನ ಆವೃತ್ತಿಗಳಲ್ಲಿ ಮೌಂಟ್ ಆಜ್ಞೆಯೇ ಒಂದು ಸುಳಿವು ಕೊಡ್ತದೆ: ನಿಮ್ಮ ಎಫ್‌ಎಸ್‌ಟ್ಯಾಬ್ ಬದಲಾಗಿದೆ, ಸಿಸ್ಟಮ್‌ಡಿ ಇನ್ನೂ ಹಳೇದನ್ನೇ ಬಳಸ್ತಿದೆ, ರೀಲೋಡ್ ಮಾಡಿ ಅಂತ. ಒಂದೇ ಒಂದು ಸಾಲು. ಅವತ್ತು ಆ ಸಾಲು ಕಣ್ಣಿಗೆ ಬಿದ್ದಿದ್ರೆ ಈ ಕಥೆಯೇ ಇರ್ತಿರಲಿಲ್ಲ.

ನಾನು ಹೇಳೋದಿಷ್ಟು

ಯಂತ್ರ ತಾನಾಗಿ ಕೆಲಸ ಮಾಡಲಿ, ಬೇಡ ಅನ್ನಲ್ಲ. ಆದರೆ ನಾನು ಮಾಡಿದ್ದನ್ನ ಅದು ತಾನಾಗಿ ರದ್ದು ಮಾಡಿದ್ರೆ, ನನಗೆ ಹೇಳಬೇಕು. ಡೈರಿಯಲ್ಲಿ ಬರೆದಿಡೋದು ಹೇಳಿದ ಹಾಗಲ್ಲ. ಹೇಳದೇ ಮಾಡೋ ಉಪಕಾರ ಅಪಕಾರಕ್ಕೆ ಸಮ.

ಎರಡನೇ ಮಾತು, ಇದು ನನಗೇ ಹೇಳಿಕೊಳ್ಳೋದು. ಇನ್ನೊಬ್ಬರ ಯಂತ್ರಕ್ಕೆ ಲಿನಕ್ಸ್ ಹಾಕಿಕೊಟ್ಟು "ಮತ್ತೇನೂ ಯೋಚನೆ ಮಾಡಬ್ಯಾಡ್ರಿ" ಅನ್ನೋ ನಾವೂ ಅದೇ ಮೇಸ್ತ್ರಿಯ ಥರವೇ. ನಾನೂ ಕಾಕಾಗೆ ಹೇಳದೇ ಅವರ ಬೆನ್ನ ಹಿಂದೆ ಒಂದು ಸಾಲು ಬರೆದಿಟ್ಟಿದ್ದೆ. ಅದರ ಅರ್ಥ ಏನು, ಅದು ತಪ್ಪಿದ್ರೆ ಹೇಗೆ ಗೊತ್ತಾಗ್ತದೆ ಅಂತ ಒಂದು ಮಾತೂ ಹೇಳಿರಲಿಲ್ಲ.

ಇದಕ್ಕೆ ನನ್ನ ಸಹೋದ್ಯೋಗಿಗಳು ಹೇಳೋ ಉತ್ತರ ನನಗೆ ಗೊತ್ತು. "ಎಲ್ಲದಕ್ಕೂ ಸಂದೇಶ ತೋರಿಸ್ತಾ ಕೂತರೆ ಜನ ಓದದೇ ಓಕೆ ಒತ್ತುತ್ತಾರೆ." ನಿಜ, ನಾನೂ ಒತ್ತುತ್ತೀನಿ :-) ಆದರೆ ನಾನು ಎಲ್ಲದಕ್ಕೂ ಕೇಳ್ತಿಲ್ಲ. ಮೌಂಟ್ ಆದಾಗ ಹೇಳಬೇಕಿಲ್ಲ, ಸರಿಯಾಗಿ ಬರೆದಾಗ ಹೇಳಬೇಕಿಲ್ಲ. ಬಳಸುವವರು ಕೇಳಿದ್ದಕ್ಕೆ ಉಲ್ಟಾ ಆದಾಗ ಮಾತ್ರ ಹೇಳಿ. ಅಂಥದ್ದು ತಿಂಗಳಿಗೆ ಒಮ್ಮೆಯೂ ಆಗಲ್ಲ.

"ಕಾಕಾನಂಥವರಿಗೆ ಎಫ್‌ಎಸ್‌ಟ್ಯಾಬ್ ಯಾಕೆ ಬೇಕಿತ್ತು? ಫೈಲ್ ಮ್ಯಾನೇಜರೇ ತಾನಾಗಿ ಮೌಂಟ್ ಮಾಡ್ತಿತ್ತಲ್ಲ?" ಅಂತಲೂ ಕೇಳ್ತಾರೆ. ಒಪ್ಪಿದೆ. ಅದು ನನ್ನ ಜಾಣತನದ ಪ್ರದರ್ಶನ. ಈಗ ಯಾರಿಗೂ ಹಾಗೆ ಮಾಡಿಕೊಡಲ್ಲ. ಫೈಲ್ ಮ್ಯಾನೇಜರಿನ ಮೂಲಕ ಹೋದ್ರೆ ಡಿಸ್ಕು ಇಲ್ಲದಾಗ ಅದರ ಫೋಲ್ಡರೂ ಇರಲ್ಲ. ಖಾಲಿ ನೆಲದ ಮೇಲೆ ಸಾಮಾನು ಇಡೋ ಪ್ರಶ್ನೆಯೇ ಬರಲ್ಲ.

ಯುಎಸ್‌ಬಿಗೆ ಚಿಲಕ ಇಲ್ಲ

ಇದರ ಇನ್ನೊಂದು ಮಗ್ಗುಲು ನಾವು ಬಳಸುವವರದ್ದು. ಸಿಡಿ ಡ್ರೈವ್ ನೆನಪಿದೆಯಾ? ಸಿಡಿ ಮೌಂಟ್ ಆಗಿದ್ದಾಗ ಬಟನ್ ಒತ್ತಿದ್ರೂ ಲಿನಕ್ಸ್ ಬಾಗಿಲು ತೆರೆಯಲು ಬಿಡ್ತಿರಲಿಲ್ಲ. ಹಳೇ ಮ್ಯಾಕಿಂಟಾಷ್‌ಗಳ ಫ್ಲಾಪಿ ಡ್ರೈವಿಗೆ ಹೊರಗೆ ಬಟನ್ನೇ ಇರಲಿಲ್ಲ, ಕಂಪ್ಯೂಟರಿಗೆ ಹೇಳಿದರೆ ಅದೇ ಹೊರಗೆ ತಳ್ಳುತ್ತಿತ್ತು. ಚಿಲಕ ಯಂತ್ರದ ಕೈಯಲ್ಲಿತ್ತು. ಯುಎಸ್‌ಬಿಗೆ ಚಿಲಕ ಇಲ್ಲ. ಯಾರು ಯಾವಾಗ ಬೇಕಾದರೂ ಎಳೆಯಬಹುದು. ಎಳೆದ ಮೇಲೆ ಯಂತ್ರ ತಾನಾಗಿ ಅನ್‌ಮೌಂಟ್ ಮಾಡಿದ್ರೆ ಅದು ಬೀಳ್ಕೊಡುಗೆ ಅಲ್ಲ, ಆಮೇಲಿನ ಪಂಚನಾಮೆ.

ವಿಂಡೋಸ್ 10ರ 1809ನೇ ಆವೃತ್ತಿಯಿಂದ, ಅಂದ್ರೆ 2018ರಿಂದ, ಮೈಕ್ರೋಸಾಫ್ಟು ಪೆನ್‌ಡ್ರೈವ್‌ಗಳಿಗೆ "ಬೇಗ ತೆಗೆಯುವ" ನೀತಿಯನ್ನೇ ರೂಢಿಗೆ ತಂದಿತು. ಬರೆಯಬೇಕಾದ್ದನ್ನ ಮೆಮೊರಿಯಲ್ಲಿ ತಡೆದಿಟ್ಟುಕೊಳ್ಳದೆ ಬರೆಯುತ್ತೆ. ಅಲ್ಲಿಂದ ಬಂದವರಿಗೆ ಸರ್ರಂತ ಎಳೆದು ಅಭ್ಯಾಸ. ಲಿನಕ್ಸ್ ಹಾಗಲ್ಲ. ಬರೆಯಬೇಕಾದ್ದನ್ನ ಮೊದಲು ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತೆ, ಸುಮಾರು 5 ಸೆಕೆಂಡಿಗೊಮ್ಮೆ ಎದ್ದು ನೋಡುತ್ತೆ, 30 ಸೆಕೆಂಡಿಗಿಂತ ಹಳೇದಾದ್ದನ್ನ ಡಿಸ್ಕಿಗೆ ಕಳಿಸುತ್ತೆ. ಮೆಮೊರಿಯಲ್ಲಿ ತಡೆದಿಟ್ಟದ್ದು ಒಂದು ಮಿತಿ ದಾಟಿದ್ರೆ ಇನ್ನೂ ಮೊದಲೇ ಕಳಿಸುತ್ತೆ. ಹಾಗಾಗಿ ಪರದೆ ಮೇಲಿನ ಪಟ್ಟಿ ನೂರಕ್ಕೆ ನೂರು ತೋರಿಸಿದಾಗ ನಿಮ್ಮ ಕಡತ ಇನ್ನೂ ಮೆಮೊರಿಯಲ್ಲೇ ಇರಬಹುದು! ಇದೂ ಯಂತ್ರದ ಅದೇ ಗುಣ, ಪೂರ್ತಿ ಹೇಳದೇ ಇರೋದು. "ನಕಲು ಮುಗಿಯಿತು" ಅನ್ನುತ್ತೆ, "ಇನ್ನೂ ಬರೆಯುತ್ತಿದ್ದೇನೆ" ಅನ್ನಲ್ಲ. ಎಜೆಕ್ಟ್ ಒತ್ತಿದಾಗ ಮಾತ್ರ ಸತ್ಯ ಹೊರಗೆ ಬರುತ್ತೆ, ಅದು ಮುಗಿಯೋತನಕ ತಡಕೊಳ್ಳಿ.

ತಾನಾಗಿ ಬಿಟ್ಟು ಹೋದರೆ ಎಲ್ಲಿ ನೋಡಬೇಕು?

ಬರೀ ಅಭಿಪ್ರಾಯ ಹೇಳಿ ಹೋದರೆ ನಿಮ್ಮ ಡಿಸ್ಕೇನೂ ರಿಪೇರಿ ಆಗಲ್ಲ. ಆದ್ದರಿಂದ ನಾನು ನೋಡುವ ಕ್ರಮ ಬರೀತೀನಿ. ಆಜ್ಞೆಗಳ ಹೆಸರು ಇಲ್ಲಿ ಕನ್ನಡದಲ್ಲಿ ಬರೆದಿದ್ದೀನಿ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಮಾಡಬೇಕು.

ಮೊದಲ ಕೆಲಸ: ಏನನ್ನೂ ಫಾರ್ಮ್ಯಾಟ್ ಮಾಡಬೇಡಿ. ಚಿಗವ್ವನ ಸೂತ್ರ. ಟರ್ಮಿನಲ್ ತೆರೆದು ಕರ್ನಲ್ಲಿನ ಲಾಗು ನೋಡಿ. ಡಿ-ಎಂ-ಇ-ಎಸ್-ಜಿ ಅಂತ ಐದು ಅಕ್ಷರದ ಆಜ್ಞೆ ಇದೆ, ಹಿಂದೆ ಸೂಡೋ ಬೇಕಾಗಬಹುದು. ಡಿಸ್ಕು ಹಚ್ಚಿ, ಬಿಟ್ಟು ಹೋಗೋತನಕ ಕಾದು, ಕೊನೇ ಹತ್ತು-ಇಪ್ಪತ್ತು ಸಾಲು ಓದಿ.

1. "ಯುಎಸ್‌ಬಿ ಡಿಸ್‌ಕನೆಕ್ಟ್" ಅಂತ ಇದ್ದರೆ, ನೀವು ಮುಟ್ಟದೇ ಇದ್ದರೂ, ಯಂತ್ರದ ಪಾಲಿಗೆ ಯಾರೋ ಎಳೆದ ಹಾಗೆಯೇ. ಇದು ಲಿನಕ್ಸಿನ ತಪ್ಪಲ್ಲ. ವಯರು, ಸಡಿಲ ಪೋರ್ಟು, ಇಲ್ಲಾ ಕರೆಂಟು ಸಾಲದು. ಯುಎಸ್‌ಬಿ 2.0 ಪೋರ್ಟು ನಿಯಮದ ಪ್ರಕಾರ ಕೊಡೋದು 500 ಮಿಲಿಆಂಪ್, 3.0 ಪೋರ್ಟು 900. ತಿರುಗುವ ಹಾರ್ಡ್ ಡಿಸ್ಕು ಶುರುವಾಗುವಾಗ ಜಾಸ್ತಿ ಎಳೆಯುತ್ತೆ. ಉದ್ದನೆ ವಯರು ತೆಗೀರಿ, ಬೇರೆ ಪೋರ್ಟಿಗೆ ಹಾಕಿ, ಕರೆಂಟಿಲ್ಲದ ಹಬ್ ಬೇಡ. ನನಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಇಲ್ಲೇ ಮುಗಿಯುತ್ತವೆ.

2. "ರೀಸೆಟ್" ಅಂತ ಮತ್ತೆ ಮತ್ತೆ ಬರ್ತಿದ್ದು, ಪಕ್ಕದಲ್ಲಿ ಯುಎಎಸ್ ಅನ್ನೋ ಹೆಸರು ಕಂಡರೆ, ಡಿಸ್ಕಿನ ಡಬ್ಬಿಯೊಳಗಿನ ಚಿಪ್ಪು ವೇಗದ ಯುಎಎಸ್ ಪದ್ಧತಿಯನ್ನ ಸರಿಯಾಗಿ ನಿಭಾಯಿಸ್ತಿಲ್ಲ ಅಂತ ಅನುಮಾನ ಪಡಬಹುದು. ಯುಎಸ್‌ಬಿ-ಸ್ಟೋರೇಜ್ ಮಾಡ್ಯೂಲಿಗೆ ಕ್ವಿರ್ಕ್ಸ್ ಅನ್ನೋ ಆಯ್ಕೆ ಇದೆ. ಆ ಡಿಸ್ಕಿನ ಐಡಿ ಕೊಟ್ಟು ಕೊನೆಗೆ ಯು ಅಕ್ಷರ ಹಾಕಿದ್ರೆ ಹಳೇ ನಿಧಾನದ ಪದ್ಧತಿಗೆ ಇಳಿಯುತ್ತೆ. ನಿಧಾನ ಆದರೂ ನಿಲ್ಲುತ್ತೆ.

3. ಸುಮ್ಮನೆ ಬಿಟ್ಟಾಗ, ಅದರಲ್ಲೂ ಲ್ಯಾಪ್‌ಟಾಪು ಬ್ಯಾಟರಿ ಮೇಲಿದ್ದಾಗ ಮಾತ್ರ ಹೋದರೆ, ಬ್ಯಾಟರಿ ಉಳಿಸೋ ತಂತ್ರಾಂಶ ನೋಡಿ. ಟಿಎಲ್‌ಪಿಯಂಥವು ಯುಎಸ್‌ಬಿ ಸಾಧನಗಳನ್ನ ಮಲಗಿಸುತ್ತವೆ. ಕೆಲವು ಡಿಸ್ಕು ಮಲಗಿದ್ದು ಏಳೋದೇ ಇಲ್ಲ. ಆ ಒಂದು ಡಿಸ್ಕನ್ನ ಹೊರಗಿಡುವ ಪಟ್ಟಿಗೆ ಸೇರಿಸಬಹುದು.

4. ಕರ್ನಲ್ಲಿನ ಲಾಗಿನಲ್ಲಿ ಏನೂ ಇಲ್ಲ, ಡಿಸ್ಕು ಯಂತ್ರದಲ್ಲೇ ಇದೆ, ಆದರೆ ಮೌಂಟ್ ಮಾತ್ರ ಹೋಗುತ್ತೆ ಅಂದ್ರೆ, ಅದು ಕಾಕಾನ ಕೇಸು. ಜರ್ನಲ್-ಸಿಟಿಎಲ್‌ನಲ್ಲಿ ನೋಡಿ. ಎಫ್‌ಎಸ್‌ಟ್ಯಾಬಿನ ಯುಯುಐಡಿ ಮತ್ತು ನಿಜವಾದ ಡಿಸ್ಕಿನ ಯುಯುಐಡಿ ತಾಳೆ ನೋಡಿ. ತಿದ್ದಿದ ಮೇಲೆ ಡೀಮನ್-ರೀಲೋಡ್ ಮರೀಬೇಡಿ. ಅದೇ ಸಾಲಿನಲ್ಲಿ ಐಡಲ್-ಟೈಮ್‌ಔಟ್ ಅಂತೇನಾದ್ರೂ ಇದ್ದರೆ, ಇಷ್ಟು ಹೊತ್ತು ಯಾರೂ ಮುಟ್ಟದಿದ್ರೆ ಕಳಚು ಅಂತ ನಿಮ್ಮ ಕಡೆಯವರೇ ಯಾರೋ ಬರೆದಿದ್ದಾರೆ ಅಂತ ಅರ್ಥ.

5. ಡಿಸ್ಕು ಇದೆ, ಕಡತ ಕಾಣುತ್ತೆ, ಬರೆಯೋಕೆ ಮಾತ್ರ ಬಿಡ್ತಿಲ್ಲ ಅಂದ್ರೆ ಅದು ಅನ್‌ಮೌಂಟ್ ಅಲ್ಲ. ಹಿಂದೆ ಯಾವಾಗಲೋ ಹಾಗೇ ಎಳೆದದ್ದಕ್ಕೆ ಕಡತ ವ್ಯವಸ್ಥೆಗೆ ಪೆಟ್ಟಾಗಿ, ಇನ್ನೂ ಹಾಳಾಗದಿರಲಿ ಅಂತ ಕರ್ನಲ್ಲು ಓದಲಷ್ಟೇ ಬಿಟ್ಟಿರಬಹುದು. ಮೊದಲು ಕಡತಗಳನ್ನ ಬೇರೆ ಕಡೆ ನಕಲು ಮಾಡಿಕೊಳ್ಳಿ, ಆಮೇಲೆ ಎಫ್‌ಎಸ್‌ಸಿಕೆ.

ಇನ್ನೊಂದು ಇದರ ಉಲ್ಟಾ, ಅನ್‌ಮೌಂಟ್ ಮಾಡು ಅಂದ್ರೆ "ಬಿಜಿ" ಅಂತ ಹಠ ಹಿಡಿಯೋದು. ಎಲ್-ಎಸ್-ಓ-ಎಫ್ ಆಜ್ಞೆಗೆ ಆ ಫೋಲ್ಡರಿನ ಹೆಸರು ಕೊಟ್ಟರೆ ಯಾವ ಪ್ರೋಗ್ರಾಮು ಹಿಡಿದುಕೊಂಡಿದೆ ಅಂತ ತೋರಿಸುತ್ತೆ. ಎಷ್ಟೋ ಸಲ ನೀವೇ ತೆರೆದಿಟ್ಟ ಟರ್ಮಿನಲ್ಲು ಅದೇ ಫೋಲ್ಡರಿನಲ್ಲಿ ಕೂತಿರುತ್ತೆ :-) ಒತ್ತಾಯದ ಅನ್‌ಮೌಂಟ್ ಬೇಡ.

ಕಾಕಾ ಈಗ ಏನು ಮಾಡ್ತಾರೆ

ಆ 28 ಕಡತ ಈಗ ಮೂರು ಕಡೆ ಇವೆ. ಒಂದು ಅವರ ಲ್ಯಾಪ್‌ಟಾಪಿನಲ್ಲಿ, ಒಂದು ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ, ಒಂದು ನನ್ನ ಹತ್ತಿರ. ಡಿಸ್ಕಿನ ಒಳಗೆ "ಇದು ಡಿಸ್ಕು" ಅನ್ನೋ ಹೆಸರಿನ ಒಂದು ಖಾಲಿ ಕಡತ ಮಾಡಿಟ್ಟಿದ್ದೀನಿ. ಕಾಕಾ ಏನನ್ನೇ ಇಡೋ ಮೊದಲು ಆ ಕಡತ ಕಾಣುತ್ತಾ ಅಂತ ನೋಡ್ತಾರೆ. ಕಂಡ್ರೆ ಜಮಖಾನ, ಕಾಣದಿದ್ರೆ ನೆಲ. ಕಟ್ ಮಾಡಲ್ಲ, ಕಾಪಿ ಮಾಡ್ತಾರೆ. ಇಷ್ಟನ್ನ 2020ರಲ್ಲೇ ಹೇಳಿಕೊಟ್ಟಿದ್ರೆ ಹತ್ತು ನಿಮಿಷ ಹಿಡೀತಿತ್ತು. ಅವರು ಮೂವತ್ತು ವರ್ಷ ಮಕ್ಕಳಿಗೆ ಸಂಧಿ-ಸಮಾಸ ಕಲಿಸಿದವರು, ಮೌಂಟ್ ಅಂದ್ರೇನು ಅಂತ ಅರ್ಥ ಆಗ್ತಿರಲಿಲ್ಲವೇ? ಅವರಿಗೆ ತಿಳಿಯಲ್ಲ ಅಂತ ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ.

ಕೊನೆಯದಾಗಿ ನಮ್ಮ ಬ್ಲಾಗಿಗರಿಗೆ ಒಂದು ಮಾತು. ಕೇರಳದ ಸರ್ಕಾರಿ ಶಾಲೆಗಳಲ್ಲಿ 2001ರಲ್ಲಿ ಶುರುವಾದ ಐಟಿ ಅಟ್ ಸ್ಕೂಲ್ ಯೋಜನೆ, 2017ರಿಂದ ಕೈಟ್ ಅನ್ನೋ ಸಂಸ್ಥೆ, ಮಕ್ಕಳಿಗೆ ಲಿನಕ್ಸಿನಲ್ಲೇ ಕಂಪ್ಯೂಟರ್ ಕಲಿಸುತ್ತೆ. ಅಲ್ಲಿನ ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲೂ ಇದೆ. ಅಂದ್ರೆ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಇದನ್ನೆಲ್ಲ ಕನ್ನಡದಲ್ಲೇ ಓದ್ತಾರೆ. ಇಲ್ಲಿ ಧಾರವಾಡದಲ್ಲಿ ನಮ್ಮ ಕಾಕಾ, ಡಿಸ್ಕು ಕಾಣದಿದ್ದಾಗ ಕನ್ನಡದಲ್ಲಿ ಹುಡುಕಿದರೆ ಓದೋಕೆ ಏನು ಸಿಗ್ತದೆ? ಲಾಗು ಇಂಗ್ಲಿಷ್, ಪರಿಹಾರ ಇಂಗ್ಲಿಷ್, ಕೊನೆಗೆ ಪಕ್ಕದ ಮನೆಯವರ "ಫಾರ್ಮ್ಯಾಟ್ ಹೊಡೀರಿ" ಒಂದೇ ಕನ್ನಡದಲ್ಲಿ ಸಿಗುವ ಸಲಹೆ!

ಯಂತ್ರ ಹೇಳದಿದ್ದರೆ ನಾವಾದರೂ ಹೇಳೋಣ. ನಿಮಗೆ ಗೊತ್ತಿರೋ ಒಂದು ತೊಂದರೆ, ಅದರ ಪರಿಹಾರ, ನಿಮ್ಮ ಬ್ಲಾಗಿನಲ್ಲಿ ನಿಮ್ಮ ಮಾತಿನಲ್ಲಿ ಬರೀರಿ. ಕವನದ ಮಧ್ಯೆ ಒಂದು ಹಾಕಿದ್ರೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ :-) ನಿಮ್ಮ ಡಿಸ್ಕೂ ಹೀಗೆ ಹೇಳದೇ ಹೋಗಿದ್ದರೆ ಕೆಳಗೆ ಬರೆದು ಹೋಗಿ, ಲಾಗಿನ ಕೊನೇ ಸಾಲುಗಳ ಜೊತೆ.

ಮೊನ್ನೆ ಭಾನುವಾರ ಕಾಕಾನ ಮನೆಗೆ ಹೋಗಿದ್ದೆ. ಚಿಗವ್ವ ಚುರುಮುರಿ ಸುಸ್ಲಾ ಮಾಡಿದ್ದಳು. ಒಳಗೆ ಕಂಪ್ಯೂಟರಿನಲ್ಲಿ ಆಯಿ ಬೀಸುವ ಪದ ಹೇಳ್ತಿದ್ದಳು. ಕಾಕಾ ಒಬ್ಬೊಬ್ಬರ ಹೆಸರು ಹಾಕಿ ಯಾವ ಪದ ಯಾವ ಮದುವೆಯಲ್ಲಿ ಹಾಡಿದ್ದು ಅಂತ ಟೈಪ್ ಮಾಡ್ತಿದ್ದರು. ಮುಗಿಸಿ ಎಜೆಕ್ಟ್ ಒತ್ತಿದರು, ಕಾದರು, ನೀಲಿ ದೀಪ ಆರಿದ ಮೇಲೆ ವಯರು ತೆಗೆದರು. ನನ್ನ ಕಡೆ ತಿರುಗಿ ಅಂದರು:

"ಮನಿಗೆ ಬಂದವ್ರು ಹೋಗೂ ಮುಂದ ಹೋಗಿ ಬರ್ತೇನ್ರಿ ಅಂತ ಹೇಳಿ ಹೋಗಬೇಕಲ್ಲೋ ತಮ್ಮಾ. ಡಿಸ್ಕೂ ಅಷ್ಟ."